ಸೊಂಟಕ್ಕೆ ಸಿಕ್ಕಿಸಿದ ಸೆರಗು

ಪ್ರೀತಿಯ ಮಗೂ,

ನಿನ್ನ ಕಥೆ ಎರಡು ಸಲ ಓದಿದೆ. ಫ್ಯಾಷನ್ ಚಿತ್ರಕಾರ ರೆನೆ ಗ್ರುವೋ ಬರೆದ ಪ್ಯಾರಿಸ್ ಹೆಂಗಸಿನ ಚಿತ್ರ ನೋಡಿ ಹುಟ್ಟಿದ್ದು ಅಂದೆ. ಓದಿದ ಹನ್ನೊಂದು ಜನವೂ 'ಅದ್ಭುತ' ಅಂದರು, ಆದರೂ ಮುಂದಿನ ಕಥೆ ಹೊರಡುತ್ತಿಲ್ಲ ಅಂತ ಗೋಳಾಡಿದ್ದೀಯ. ಹನ್ನೊಂದು ಜನ ಹೊಗಳಿದ ಮೇಲೆ ಯಾರಿಗೆ ತಾನೇ ಹೊರಟೀತು?

ಕಾಗುಣಿತ, ಪ್ಯಾರಾ, ಯಾವ ಪತ್ರಿಕೆಗೆ ಕಳಿಸಲಿ, ಅದೆಲ್ಲ ಬಿಡು. ಯಾರಾದರೂ ಹೇಳಿಕೊಡುತ್ತಾರೆ.

ಗ್ರುವೋನ ಕುಂಚದ ಕೆಲಸವೇ ಹೊಗಳೋದು. ಒಂದೇ ಎಳೆತಕ್ಕೆ ದಪ್ಪ ಕಪ್ಪು ಗೆರೆ, ಹಿಡಿಯಷ್ಟು ಸೊಂಟ, ಕೆಳಗೆ ಅರಳಿದ ಲಂಗ. 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನ ಉಡುಪು ವಿನ್ಯಾಸಕಾರ ಕ್ರಿಸ್ಟಿಯನ್ ಡಿಯೋರ್ ಮೊದಲ ಸಲ ತನ್ನ ಉಡುಪುಗಳನ್ನು ತೋರಿಸಿದ. ಅವನ ಹಳೇ ಗೆಳೆಯ ಗ್ರುವೋ ಆ ಉಡುಪುಗಳನ್ನೂ, ಡಿಯೋರನ ಸೆಂಟನ್ನೂ, ಜನರ ಕಣ್ಣಿಗೆ ಹತ್ತಿಸಿದ. ಅದು ಜಾಹೀರಾತು. ದುಡ್ಡು ತಗೊಂಡು ಹೊಗಳಿದ, ಮುಚ್ಚುಮರೆ ಇಲ್ಲ. ನೀನು ಯಾಕಮ್ಮಾ ಬಿಟ್ಟಿ ಹೊಗಳುತ್ತೀಯ? ನಿನ್ನ ನಾಯಕಿಯನ್ನು 'ಸೊಬಗಿನ ಬಳ್ಳಿ' ಅಂತ ನಾಲ್ಕು ಸಲ ಬರೆದಿದ್ದೀಯ. ಡಿಯೋರ್ ಆವತ್ತು ತೋರಿಸಿದ 'ಬಾರ್' ಅನ್ನೋ ಜಾಕೆಟ್ಟಿಗೆ ಸೊಂಟದ ಕೆಳಗೆ, ಎರಡೂ ಪಕ್ಕಕ್ಕೆ, ಒಳಗಿನಿಂದ ಪ್ಯಾಡ್ ಇಟ್ಟು ಹೊಲಿದಿದ್ದರು. ಸೊಂಟ ಅಷ್ಟು ಸಣ್ಣಗೆ ಕಾಣೋದರಲ್ಲಿ ಅದರ ಪಾಲೂ ಇದೆ. ಅದೇ ವರ್ಷ ಪ್ಯಾರಿಸ್ಸಿನ ರ್ಯೂ ಲೆಪಿಕ್ ಬೀದಿಯಲ್ಲಿ, ಯುದ್ಧದ ಬಡತನ ಇನ್ನೂ ಕಳೆಯದ ಹೆಂಗಸರು, ಇಂಥ ಉದ್ದ ಲಂಗ ತೊಟ್ಟವಳ ಮೇಲೆ ಬಿದ್ದು ಬಟ್ಟೆ ಹರಿದರು. ಅಷ್ಟೊಂದು ಬಟ್ಟೆ ಒಬ್ಬಳ ಮೈಮೇಲೆ ಕಂಡರೆ ಹೊಟ್ಟೆ ಉರಿಯಲ್ವಾ? ನಿನ್ನ ಕಥೆಯಲ್ಲಿ ಪ್ಯಾಡೂ ಇಲ್ಲ, ಹೊಟ್ಟೆಯುರಿಯೂ ಇಲ್ಲ.

ಮುಖ ಊದಿಸಿಕೊಳ್ಳಬೇಡ. ನಾನೂ ಹಾಳಾದದ್ದು ಹೀಗೇ. ಮೊದಲ ಕಥೆಯಲ್ಲಿ ಅಮ್ಮನನ್ನು ಬಾವಿಕಟ್ಟೆ ಹತ್ತಿರ ನಿಲ್ಲಿಸಿ, ಸೆರಗನ್ನು ಗಾಳಿಗೆ ಹಾರಿಸಿದ್ದೆ. ಒಬ್ಬ ವಿಮರ್ಶಕರು 'ರೇಷ್ಮೆಯಂಥ ಗದ್ಯ' ಅಂದುಬಿಟ್ಟರು. ಹತ್ತು ವರ್ಷ ರೇಷ್ಮೆಯನ್ನೇ ನೇಯ್ದೆ. ಆಮೇಲೆ ಅದೇ ಮಹಾಶಯರು 'ಬರೀ ರೇಷ್ಮೆ' ಅಂತ ಮೂಗು ಮುರಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ, ಬಿಡು. ಅಮ್ಮ ಕಥೆ ಓದಿದ ದಿನವೇ, ಮೊರದಲ್ಲಿ ಅಕ್ಕಿ ಆರಿಸುತ್ತಾ, "ಅಲ್ವೋ, ನನ್ನ ಸೆರಗು ಯಾವತ್ತು ಹಾರಿತ್ತು? ಸೊಂಟಕ್ಕೆ ಸಿಕ್ಕಿಸಿರ್ತೀನಲ್ಲೋ" ಅಂದಿದ್ದರು. ನಾನು ನಕ್ಕು ಎದ್ದುಹೋದೆ.

ಹಸ್ತಪ್ರತಿ ವಾಪಸ್ ಕಳಿಸುತ್ತಿದ್ದೇನೆ. 3ನೇ ಪುಟದಲ್ಲಿ ಒಂದೇ ಕಡೆ ಪೆನ್ಸಿಲ್ ಗುರುತಿದೆ. ನಿನ್ನ ನಾಯಕಿ ರಾತ್ರಿ ಮನೆಗೆ ಬಂದು, ಕೊಕ್ಕೆ ಬಿಚ್ಚಿ, ಪಕ್ಕೆಯ ಮೇಲೆ ಮೂಡಿದ ಕೆಂಪು ಗೀರನ್ನು ಬೆರಳಲ್ಲಿ ತಿಕ್ಕಿಕೊಳ್ಳುವ ಸಾಲು. ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ, ತೆಗೆದುಬಿಡಲಾ ಅಂತ ಕೇಳಿದ್ದೀಯ. ತೆಗೆದೀಯ, ಜೋಕೆ!

ಮಳೆ ನಿಂತ ಮೇಲೆ ಈ ಕಡೆ ಬಾ.