ಮಂಕು ಡಬ್ಬಿ ಅಂದರೆ ಮೋಸದ ಡಬ್ಬಿ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಓದುಗರೊಬ್ಬರ ಪತ್ರ ಹಾಕಿದ್ದಿರಿ. ಹುಬ್ಬಳ್ಳಿಯಲ್ಲಿ ಕೊಂಡ ಕಟ್ಟಿಗೆಯ ಕುಂಕುಮ ಡಬ್ಬಿ ಹೊಳೆಯುತ್ತಿಲ್ಲ, ಪಾಲಿಶ್ ಮಾಡದೆ ಮಾರಿದ್ದಾರೆ ಅಂತ ಅವರಿಗೆ ಸಿಟ್ಟು. ನಾನು ಧಾರವಾಡದಲ್ಲಿ ಮನೆ ಹಿತ್ತಲಿನ ತಗಡಿನ ಶೆಡ್‌ನಲ್ಲಿ ಸಣ್ಣ ಲೇಥ್ (ಕಟ್ಟಿಗೆ ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಇಂಥ ಡಬ್ಬಿಗಳನ್ನೇ ಕಡೆಯುತ್ತೇನೆ. ಹೊಟ್ಟೆಪಾಡಿಗಲ್ಲ, ನಿವೃತ್ತಿ ಆದಮೇಲೆ ಹಿಡಿದ ಹುಚ್ಚು. ಯಾರಿಗೆ ತೋರಿಸಿದರೂ ಮೊದಲ ಮಾತು ಅದೇ, ‘ಹೊಳಪೇ ಇಲ್ಲಲ್ರೀ ಇದಕ್ಕ?’

ಹೊಳಪು ಜಾಸ್ತಿ ಮಾಡೋದು ಕಷ್ಟದ ಕೆಲಸ ಅಲ್ಲ. ವಾರ್ನಿಶ್ ದಪ್ಪಗೆ ಬಳಿದರೆ ಕನ್ನಡಿ ಹಾಗೆ ಹೊಳೆಯುತ್ತದೆ. ಆದರೆ ಅದು ಕಟ್ಟಿಗೆಯ ಮೇಲೆ ಕೂತ ಪದರ. ಎಣ್ಣೆ ಹಾಗಲ್ಲ, ಒಳಗೆ ಇಳಿಯುತ್ತದೆ. ಮೊದಲ ಕೋಟ್ ಹಚ್ಚಿ ಹದಿನೈದು ನಿಮಿಷಕ್ಕೆ ಉಳಿದದ್ದನ್ನು ಒರೆಸಿಬಿಟ್ಟರೆ ಬಣ್ಣ ಏರುತ್ತದೆ, ಮಿಂಚು ಏರುವುದಿಲ್ಲ. ಮೂರನೆಯದೋ ನಾಲ್ಕನೆಯದೋ ಕೋಟ್ ಹೊತ್ತಿಗೆ ರೇಷ್ಮೆಯಂಥ ಮೆಲ್ಲನೆಯ ಹೊಳಪು ಬರುತ್ತದೆ. ಎಲ್ಲಿ ಕಣ್ಣಿಗೆ ಹಿತ ಅನ್ನಿಸಿತೋ ಅಲ್ಲಿ ನಿಲ್ಲಿಸಬಹುದು, ಎಣ್ಣೆಯಲ್ಲಿ ನನಗೆ ಇಷ್ಟವಾಗೋದು ಇದೇ.

ಎಣ್ಣೆ ಅಂದಾಕ್ಷಣ ಅಡುಗೆಮನೆಗೆ ಹೋಗಬೇಡಿ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಕಟ್ಟಿಗೆಯ ಮೇಲೆ ಗಟ್ಟಿಯಾಗುವುದೇ ಇಲ್ಲ, ಧೂಳು ಹಿಡಿದು ಆಮೇಲೆ ಕಮಟು ವಾಸನೆ ಬರುತ್ತದೆ. ಅಗಸಿ ಎಣ್ಣೆ ಬೇರೆ. ಗಾಳಿಯ ಆಮ್ಲಜನಕ ಹೀರಿಕೊಂಡು ತಾನೇ ಗಟ್ಟಿಯಾಗುತ್ತದೆ. ನಾವು ರೊಟ್ಟಿ ಜೊತೆ ಚಟ್ನಿ ಮಾಡಿ ತಿನ್ನುವ ಅದೇ ಅಗಸಿ! ಗಾಣದಿಂದ ತಂದ ಹಸಿ ಎಣ್ಣೆ ಒಣಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಅದರಲ್ಲೂ ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಕೇಳಲೇಬೇಡಿ. ಬೇಗ ಒಣಗಲೆಂದು ಔಷಧ ಬೆರೆಸಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದು ತಿನ್ನುವ ಪದಾರ್ಥ ಅಲ್ಲ.

ಗುಂಡನೆಯ ಡಬ್ಬಿಗೆ ಇನ್ನೊಂದು ತಕರಾರು ಇದೆ. ಕಟ್ಟಿಗೆಯ ನಾರು ಉದ್ದಕ್ಕೆ ಇರುವಂತೆ ಕಡೆಯುತ್ತೇವಲ್ಲ, ಹಾಗಾಗಿ ಮುಚ್ಚಳದ ನೆತ್ತಿಯಲ್ಲಿ ಬರೀ ನಾರಿನ ತುದಿಗಳು. ಅವು ಕೊಳವೆಯ ಬಾಯಿಗಳಿದ್ದ ಹಾಗೆ, ಹಚ್ಚಿದಷ್ಟೂ ಕುಡಿಯುತ್ತವೆ. ಮಗ್ಗುಲಲ್ಲಿ ಹೊಳಪು ಬಂದಿರುತ್ತದೆ, ನೆತ್ತಿ ಇನ್ನೂ ಮಂಕು. ಗಿರಾಕಿ ಮೊದಲು ನೋಡುವುದು ನೆತ್ತಿಯನ್ನೇ! ಅಲ್ಲಿಗೆ ಒಂದೆರಡು ಕೋಟ್ ಜಾಸ್ತಿ ಬೇಕು, ಪಾಲಿಶ್ ಪೇಪರ್ ಕೂಡ 220 ನಂಬರಿಗೆ ನಿಲ್ಲಿಸದೆ 400, 600ರವರೆಗೆ ಹೋಗಬೇಕು (ನಂಬರ್ ಏರಿದಷ್ಟೂ ಪೇಪರ್ ನಯ). ಮೈ ನುಣುಪಾದಷ್ಟೂ ಎಣ್ಣೆ ತಾನಾಗಿ ಹೊಳೆಯುತ್ತದೆ. ಉಳಿ ಬಿಟ್ಟ ಗೆರೆ ಹಾಗೇ ಇದ್ದರೆ ಹೆಚ್ಚಿನ ಹೊಳಪು ಅದನ್ನೇ ಎತ್ತಿ ತೋರಿಸುತ್ತದೆ. ನನ್ನ ಮೊದಲ ಹತ್ತು ಡಬ್ಬಿ ನೋಡಿದವರಿಗೆ ಇದು ಗೊತ್ತು.

ಚನ್ನಪಟ್ಟಣದ ಗೊಂಬೆ ಫಳಫಳ ಅನ್ನುವುದಿಲ್ಲವೇ ಅಂತ ನೀವು ಕೇಳಬಹುದು. ಅದು ಎಣ್ಣೆ ಅಲ್ಲ, ಅರಗು. ತಿರುಗುವ ಕಟ್ಟಿಗೆಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಅದು ಕರಗಿ ಹರಡುತ್ತದೆ, ಆಮೇಲೆ ತಾಳೆಗರಿ ಹಿಡಿದು ಮೆರುಗು ಕೊಡುತ್ತಾರೆ. ಗೊಂಬೆಗೆ ಅದು ಒಪ್ಪುತ್ತದೆ. ಸಾಗವಾನಿಯದೋ ಹಲಸಿನದೋ ಡಬ್ಬಿಗೆ ಅದರ ಗೆರೆಗಳೇ ಚೆಂದ, ಸುಮ್ನೆ ಮಿಂಚು ಬಳಿದರೆ ಕಣ್ಣಿಗೆ ಬಲ್ಬಿನ ಬೆಳಕು ಕಾಣುತ್ತದೆ, ಕಟ್ಟಿಗೆ ಕಾಣುವುದಿಲ್ಲ. ದಿನಾ ಕೈಯಾಡುವ ಡಬ್ಬಿ ಹೊಳಪಿನದಾದರೆ ಬೆರಳಿನ ಗುರುತು, ಗೀರು ಎಲ್ಲ ಎದ್ದು ಕಾಣುತ್ತವೆ. ಕಪಾಟಿನಲ್ಲಿ ಇಡುವುದಕ್ಕೆ ಬೇಕಾದರೆ ಹೊಳಪಿನದನ್ನೇ ಕೇಳಿ, ತಪ್ಪೇನಿಲ್ಲ.

ಒಂದು ಸಲ ನನಗೂ ಏಟು ಬಿದ್ದಿದೆ. ಸ್ಯಾಟಿನ್ (ಅಂದರೆ ಅರೆಹೊಳಪಿನದು) ಅಂತ ಬರೆದ ರೆಡಿಮೇಡ್ ಎಣ್ಣೆ ತಂದು, ಕಲಕದೆ ಮೇಲಿಂದ ಮೇಲಿಂದ ಹಚ್ಚಿದೆ. ಹೊಳಪು ಕಡಿಮೆ ಮಾಡುವ ಪುಡಿ ತಳದಲ್ಲಿ ಕೂತಿರುತ್ತದೆ ಅಂತ ಆಗ ಗೊತ್ತಿರಲಿಲ್ಲ. ಮೊದಲ ಎರಡು ಡಬ್ಬಿ ಫಳಫಳ, ಡಬ್ಬದ ತಳ ಮುಟ್ಟುವ ಹೊತ್ತಿಗೆ ಮಾಡಿದವು ಬೂದಿ ಬಳಿದ ಹಾಗೆ. ಅದಕ್ಕಿಂತ ದೊಡ್ಡ ತಪ್ಪು ಬೇರೆ ಮಾಡಿದ್ದೆ. ಅಗಸಿ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಬುಟ್ಟಿಗೆ ಎಸೆದು ಊಟಕ್ಕೆ ಹೋದವನು, ಬಂದು ನೋಡಿದರೆ ಹೊಗೆ! ಆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಗೆ ಹೋಗಲಾರದೆ ಬೆಂಕಿಯೇ ಹತ್ತಬಹುದು. ಈಗ ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಚ್ಚಿ ಒಣಹಾಕುತ್ತೇನೆ, ಪೂರ್ತಿ ಗಟ್ಟಿಯಾದ ಮೇಲೆಯೇ ಕಸಕ್ಕೆ.

ಪತ್ರ ಬರೆದ ಆ ಓದುಗರಿಗೆ ಒಂದು ಉಪಾಯ. ನಿಮ್ಮದು ಎಣ್ಣೆ ಹಚ್ಚಿದ ಡಬ್ಬಿಯೇ ಆಗಿದ್ದರೆ ವಾಪಸ್ ಕೊಡಬೇಡಿ. ಮೆತ್ತನೆಯ ಬಟ್ಟೆಯಲ್ಲಿ ಧೂಳು ಒರೆಸಿ, ಕಟ್ಟಿಗೆಗೆ ಹಚ್ಚುವ ಜೇನುಮೇಣದ ಪಾಲಿಶ್ ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಹಳೇ ಧೋತರದ ತುಂಡಿನಿಂದ ಚೆನ್ನಾಗಿ ತಿಕ್ಕಿ. ಎಷ್ಟು ಬೇಕೋ ಅಷ್ಟು ಹೊಳಪು ಬರುತ್ತದೆ. ಒಳಗಡೆ ಮಾತ್ರ ಎಣ್ಣೆ ಹಚ್ಚಲು ಹೋಗಬೇಡಿ, ಮುಚ್ಚಿಟ್ಟ ಡಬ್ಬಿಯಲ್ಲಿ ಅದರ ವಾಸನೆ ಬಹಳ ದಿನ ಹೋಗುವುದಿಲ್ಲ, ಜೊತೆಗೆ ಕುಂಕುಮ ಅಂಟಿಕೊಳ್ಳುತ್ತದೆ.

ಇಂತಿ,
ನಿಮ್ಮ ಓದುಗ,
ಧಾರವಾಡ