ಅಗೆದದ್ದಾಯಿತು, ಹುಡುಕುವುದು ಯಾವಾಗ?

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕಾಂಕ್ರೀಟ್ ನೆಲದಡಿಯ ನೀರಿನ ಸೋರಿಕೆಯನ್ನು ಪತ್ತೆ ಮಾಡದೆ ನೆಲ ಒಡೆದು, ದುರಸ್ತಿ ಮುಗಿದಿದೆ ಎಂದು ಬರೆದುಕೊಟ್ಟಿರುವ ಬಗ್ಗೆ ದೂರು.

ಮಾನ್ಯರೇ,

ನಿಮ್ಮ ತಂತ್ರಜ್ಞರು ನಮ್ಮ ಮನೆಗೆ ಮೂರು ಸಲ ಬಂದು ಹೋಗಿದ್ದಾರೆ. ಊಟದ ಕೋಣೆಯಲ್ಲಿ ನಾಲ್ಕು ಅಡಿ ಉದ್ದದ ಗುಂಡಿ ತೋಡಿ, ಮುಚ್ಚಿ, ‘ಸೋರಿಕೆ ಸರಿಪಡಿಸಲಾಗಿದೆ’ ಎಂಬ ಚೀಟಿಗೆ ನನ್ನ ಸಹಿ ಕೇಳಿದ್ದಾರೆ. ನಾನು ಸಹಿ ಮಾಡಿಲ್ಲ. ಏಕೆಂದರೆ ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿದ ಮೇಲೂ ಮೀಟರಿನ ಪುಟ್ಟ ಚಕ್ರ ನಿಧಾನವಾಗಿ ತಿರುಗುತ್ತಲೇ ಇದೆ.

ಮೊದಲ ಭೇಟಿಯಿಂದಲೇ ಹೇಳುತ್ತೇನೆ. ಬಂದವರು ನೆಲದ ಸದ್ದು ಆಲಿಸುವ ಉಪಕರಣವನ್ನು ತಂದಿದ್ದರು. ಒಳ್ಳೆಯ ಉಪಕರಣ, ಆದರೆ ಅದಕ್ಕೆ ಮೌನ ಬೇಕು. ಫ್ರಿಜ್ ಗುಂಯ್‌ಗುಡುತ್ತಿತ್ತು, ಪಕ್ಕದ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಯಾವುದನ್ನೂ ಆರಿಸಲು ಹೇಳದೆ, ಹದಿನೈದು ನಿಮಿಷಗಳಲ್ಲಿ ಊಟದ ಮೇಜಿನ ಪಕ್ಕ ಸೀಮೆಸುಣ್ಣದಿಂದ ಗುರುತು ಹಾಕಿದರು. ಕಾರಣ ಕೇಳಿದರೆ, ‘ಇಲ್ಲಿ ಟೈಲ್ಸ್ ಸಂದಿನಲ್ಲಿ ತೇವ ಇದೆಯಲ್ಲ’ ಎಂದರು. ತೇವ ಇರುವುದು ನಮಗೂ ಕಾಣುತ್ತಿತ್ತು, ಅದಕ್ಕಾಗಿಯೇ ನಿಮ್ಮನ್ನು ಕರೆಸಿದ್ದು. ಕಾಂಕ್ರೀಟಿನ ಅಡಿ ಸೋರಿದ ನೀರು ಪೈಪಿನ ಜಾಡು ಹಿಡಿದು, ಮರಳಿನ ಪದರದಲ್ಲಿ ಹರಿದು, ಎಲ್ಲಿ ಬಿರುಕು ಸಿಕ್ಕಿತೋ ಅಲ್ಲಿ ಮೇಲೇಳುತ್ತದೆ. ನೀರು ಕಂಡ ಜಾಗವೇ ತೂತು ಬಿದ್ದ ಜಾಗವಾಗಿದ್ದರೆ ಪತ್ತೆ ಹಚ್ಚುವುದಕ್ಕೆಂದು ನೀವು ಬೇರೆ ಶುಲ್ಕ ಪಡೆಯುವ ಅಗತ್ಯವೇನಿತ್ತು?

ಅಂದು ಎರಡಡಿ ಅಗೆದರು. ಹಸಿ ಮಣ್ಣು ಸಿಕ್ಕಿತು, ಸೋರುವ ಪೈಪು ಸಿಗಲಿಲ್ಲ. ಎರಡನೆಯ ಭೇಟಿಯಲ್ಲಿ ಗುಂಡಿ ನಾಲ್ಕಡಿಯಾಯಿತು. ತಣ್ಣೀರಿನ ತಾಮ್ರದ ಪೈಪಿನ ಮೇಲೆ ಹಸಿರು ಕಲೆಯೊಂದು ಕಂಡಿತು. ಅದರಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಆದರೂ ಅಷ್ಟು ತುಂಡನ್ನು ಕತ್ತರಿಸಿ, ಹೊಸದನ್ನು ಬೆಸೆದು, ಒತ್ತಡ ಪರೀಕ್ಷೆ ಮಾಡದೆ ಅದೇ ಸಂಜೆ ಕಾಂಕ್ರೀಟು ಸುರಿದರು. ಅಗೆದಾಗ ಬಂದ ಕಾಂಕ್ರೀಟಿನ ಚೂರುಗಳನ್ನೇ ಪೈಪಿನ ಸುತ್ತ ತುಂಬಿದ್ದಾರೆ, ಇದರ ಫೋಟೋಗಳು ನನ್ನಲ್ಲಿವೆ. ಕಾಂಕ್ರೀಟಿನ ಚೂಪು ಅಂಚು ತಾಮ್ರಕ್ಕೆ ಉಜ್ಜಿ ಉಜ್ಜಿ ಪೈಪು ತೆಳುವಾಗುವುದು ನೆಲದಡಿಯ ಸೋರಿಕೆಗೆ ಒಂದು ಮುಖ್ಯ ಕಾರಣ. ಇಂದಿನ ದುರಸ್ತಿಯಲ್ಲೇ ನಾಳಿನ ತೂತಿಗೆ ಬೀಜ ಬಿತ್ತಿ ಹೋಗಿದ್ದೀರಿ. ತೇವ ತಡೆಯಲು ಕಾಂಕ್ರೀಟಿನ ಅಡಿ ಹಾಸಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ಹರಿದು ಹಾಗೆಯೇ ಬಿಟ್ಟಿದ್ದಾರೆ.

ಮೀಟರು ಇನ್ನೂ ತಿರುಗುತ್ತಿದೆ ಎಂದು ದೂರಿದಾಗ ಮೂರನೆಯ ಭೇಟಿ. ‘ಮಣ್ಣಿನಲ್ಲಿ ಹಳೆಯ ತೇವ ಉಳಿದಿದೆ ಸಾರ್, ಒಂದು ತಿಂಗಳಲ್ಲಿ ಆರುತ್ತದೆ’ ಎಂಬ ಉತ್ತರ. ಮಣ್ಣಿನ ತೇವ ಮೀಟರನ್ನು ತಿರುಗಿಸುವುದಿಲ್ಲ. ಮೀಟರು ತಿರುಗುವುದು ನೀರು ಅದನ್ನು ದಾಟಿ ಮನೆಯೊಳಗೆ ಹರಿದರೆ ಮಾತ್ರ.

ಆ ರಾತ್ರಿ ನಿಮ್ಮ ತಂತ್ರಜ್ಞರು ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ನಾನೇ ಮಾಡಿದೆ. ಎಲ್ಲ ನಲ್ಲಿಗಳನ್ನೂ ಶೌಚಾಲಯದ ತೊಟ್ಟಿಗಳ ವಾಲ್ವ್‌ಗಳನ್ನೂ ಮುಚ್ಚಿ, ರಾತ್ರಿ 10 ಗಂಟೆಗೆ ಮೀಟರಿನ ಅಂಕಿ ಬರೆದುಕೊಂಡೆ. ಬೆಳಗ್ಗೆ 6ಕ್ಕೆ ನೋಡಿದರೆ 96 ಲೀಟರು ಹೆಚ್ಚಾಗಿತ್ತು, ಅಂದರೆ ಗಂಟೆಗೆ 12 ಲೀಟರು. ಮರುದಿನ ನೀರು ಕಾಯಿಸುವ ಹೀಟರಿಗೆ ತಣ್ಣೀರು ಹೋಗುವ ವಾಲ್ವ್ ಒಂದನ್ನೇ ಮುಚ್ಚಿ ಮೀಟರಿನ ಮುಂದೆ ಕೂತೆ. ಚಕ್ರ ನಿಂತುಹೋಯಿತು. ವಾಲ್ವ್ ತೆರೆದೆ, ತಿರುಗಿತು. ಮತ್ತೆ ಮುಚ್ಚಿದೆ, ನಿಂತಿತು. ಹೀಟರಿನ ತಳವನ್ನೂ ಅದರ ಸುರಕ್ಷತಾ ವಾಲ್ವನ್ನೂ ಕೈಯಿಂದ ಮುಟ್ಟಿ ನೋಡಿದೆ, ಎರಡೂ ಒಣಗಿವೆ. ಹಾಗಾದರೆ ಸೋರುತ್ತಿರುವುದು ಬಿಸಿನೀರಿನ ಪೈಪು. ನೀವು ಕತ್ತರಿಸಿ ಬೆಸೆದದ್ದು ತಣ್ಣೀರಿನದು.

ಇಲ್ಲಿ ನನ್ನ ತಾಯಿಯ ಮಾತನ್ನು ಹೇಳದಿದ್ದರೆ ತಪ್ಪಾದೀತು. ಬಚ್ಚಲಿಗೆ ಹೋಗುವ ಓಣಿಯಲ್ಲಿ ಒಂದು ಕಡೆ ನೆಲ ಬೆಚ್ಚಗಿರುತ್ತದೆ ಎಂದು ಅವರು ಮೊದಲ ದಿನವೇ ನಿಮ್ಮವರಿಗೆ ತಿಳಿಸಿದ್ದರು. ಮಂಡಿನೋವಿನ ಅವರು ಕೆಲವು ವಾರಗಳಿಂದ ಅಲ್ಲೇ ಮಣೆ ಹಾಕಿಕೊಂಡು ಕೂರುತ್ತಿದ್ದರು. ‘ಬಿಸಿಲು ಬಿದ್ದಿರುತ್ತದೆ ಅಜ್ಜಿ’ ಎಂದು ನಿಮ್ಮ ತಂತ್ರಜ್ಞರು ನಕ್ಕರು. ಆ ಓಣಿಗೆ ಕಿಟಕಿಯೇ ಇಲ್ಲ. ಊಟದ ಕೋಣೆಯ ಗುಂಡಿಗೂ ಆ ಜಾಗಕ್ಕೂ ಸುಮಾರು 18 ಅಡಿ ದೂರ.

ಹಾಗೆಂದು ನನ್ನ ಮಾತಿನ ಮೇಲೆ ಓಣಿಯನ್ನು ಅಗೆಯಲು ಬರಬೇಡಿ. ತಾಯಿಯವರ ಪಾದ ಒಂದು ಸುಳಿವು ಕೊಟ್ಟಿದೆ, ಅಷ್ಟೇ. ಮೊದಲು ಬಿಸಿನೀರಿನ ಮತ್ತು ತಣ್ಣೀರಿನ ಪೈಪುಗಳನ್ನು ಬೇರ್ಪಡಿಸಿ, ಒಂದೊಂದಕ್ಕೂ ಒತ್ತಡ ಕೊಟ್ಟು, ಗೇಜಿನ ಮುಳ್ಳು ಆರಂಭದಲ್ಲಿ ಎಲ್ಲಿತ್ತು, ಅರ್ಧ ಗಂಟೆಯ ನಂತರ ಎಲ್ಲಿದೆ ಎಂಬುದನ್ನು ನನ್ನ ಎದುರಿಗೇ ಬರೆಯಬೇಕು. ನೀವು ಮಾಡಿದ ಹೊಸ ಬೆಸುಗೆ ಗಟ್ಟಿಯಾಗಿದೆಯೇ ಎಂಬುದೂ ಅದರಿಂದಲೇ ತಿಳಿಯುತ್ತದೆ. ಆಮೇಲೆ, ಇಂದಿನಿಂದ ಹೀಟರಿನ ವಾಲ್ವ್ ಮುಚ್ಚಿಟ್ಟಿರುವುದರಿಂದ ಅಷ್ಟರೊಳಗೆ ತಣ್ಣಗಾಗಿರುವ ಆ ಪೈಪಿಗೆ ಮತ್ತೆ ಬಿಸಿನೀರು ಬಿಟ್ಟು ಉಷ್ಣ ಕ್ಯಾಮೆರಾದಲ್ಲಿ ನೋಡಲಿ. ಸಾಲದಿದ್ದರೆ 5% ಹೈಡ್ರೋಜನ್, 95% ನೈಟ್ರೋಜನ್ ಮಿಶ್ರಣವನ್ನು ಪೈಪಿಗೆ ತುಂಬಿ, ಅದು ನೆಲದಿಂದ ಎಲ್ಲಿ ಮೇಲೇಳುತ್ತದೆ ಎಂದು ಪತ್ತೆ ಮಾಡಲಿ. ಆ ಪ್ರಮಾಣದಲ್ಲಿ ಅದು ಹೊತ್ತಿಕೊಳ್ಳುವುದಿಲ್ಲ, ಮನೆಯವರನ್ನು ಹೆದರಿಸುವ ಅಗತ್ಯವಿಲ್ಲ.

ಜಾಗ ಖಚಿತವಾದ ಮೇಲೆ ಅಷ್ಟನ್ನೇ ಒಡೆಯುವುದೋ, ಆ ಪೈಪನ್ನು ನೆಲದಡಿಯಲ್ಲೇ ಕೈಬಿಟ್ಟು ಗೋಡೆ, ಚಾವಣಿಯ ಮೂಲಕ ಹೊಸದನ್ನು ಎಳೆಯುವುದೋ ಕೂತು ಮಾತಾಡೋಣ. ಪೈಪು ಹಳೆಯದಾದ್ದರಿಂದ ಎರಡನೆಯದೇ ಮೇಲೆಂದು ನನಗೆ ಅನ್ನಿಸುತ್ತದೆ. ಮನೆಗೆ ಬರುವ ನೀರಿನ ಒತ್ತಡವನ್ನೂ ಒಮ್ಮೆ ಅಳೆಯಿರಿ. ಮೂರು ಭೇಟಿಗಳಲ್ಲಿ ಯಾರೂ ಅಳೆದಿಲ್ಲ. ಅದು 80 ಪಿಎಸ್‌ಐ (ಚದರ ಇಂಚಿಗೆ 80 ಪೌಂಡ್) ಮೀರಿದ್ದರೆ ಒತ್ತಡ ತಗ್ಗಿಸುವ ವಾಲ್ವ್ ಹಾಕದೆ ಬೇರೇನು ಮಾಡಿದರೂ ಪೈಪು ಬಹುಕಾಲ ಬಾಳುವುದಿಲ್ಲ.

ಪತ್ತೆಗೆಂದು ಪಡೆದ ಶುಲ್ಕವನ್ನು ಹಿಂದಿರುಗಿಸಬೇಕು. ಊಟದ ಕೋಣೆಯ ಗುಂಡಿಯನ್ನು ನಿಮ್ಮ ಖರ್ಚಿನಲ್ಲೇ ಮತ್ತೆ ತೆರೆದು, ಚೂರುಗಳನ್ನು ತೆಗೆದು, ಪೈಪಿನ ಸುತ್ತ ಶುದ್ಧ ಮರಳು ತುಂಬಿ, ಪ್ಲಾಸ್ಟಿಕ್ ಹಾಳೆಯನ್ನು ಸರಿಯಾಗಿ ಜೋಡಿಸಿ ಮುಚ್ಚಬೇಕು. ಟೈಲ್ಸ್ ಕೂರಿಸುವುದು ಕಾಂಕ್ರೀಟಿನ ತೇವ ಅಳೆದು ನೋಡಿದ ನಂತರವೇ. ಕಟರ್ ಇಡುವ ಮೊದಲು ಒಳಗಿನ ಕಂಬಿಗಳು ಎಲ್ಲಿವೆ ಎಂದು ಸ್ಕ್ಯಾನ್ ಮಾಡಿದ್ದೀರಾ ಎಂಬುದಕ್ಕೂ ಲಿಖಿತ ಉತ್ತರ ಬೇಕು. ಗುಂಡಿಯ ಫೋಟೋದಲ್ಲಿ ತುಂಡಾದ ಕಂಬಿಯೊಂದು ಸ್ಪಷ್ಟವಾಗಿ ಕಾಣುತ್ತದೆ.

ಈ ಪತ್ರ ತಲುಪಿದ 7 ದಿನಗಳೊಳಗೆ ಉತ್ತರ ಬರದಿದ್ದರೆ ಮೀಟರಿನ ಅಂಕಿಗಳು, ಫೋಟೋಗಳು ಮತ್ತು ನಿಮ್ಮ ಮೂರೂ ಭೇಟಿಗಳ ಚೀಟಿಗಳೊಂದಿಗೆ ಗ್ರಾಹಕರ ದೂರು ಕೇಳುವವರ ಬಳಿಗೆ ಹೋಗುತ್ತೇನೆ. ಅಲ್ಲಿಯವರೆಗೆ ಹೀಟರಿನ ವಾಲ್ವ್ ಮುಚ್ಚಿಯೇ ಇರುತ್ತದೆ. ಸ್ನಾನದ ನೀರನ್ನು ಒಲೆಯ ಮೇಲೆ ಕಾಯಿಸಿ ಆ ಓಣಿಯಲ್ಲೇ ಹೊತ್ತೊಯ್ಯುತ್ತಿದ್ದೇವೆ. ಬರುವವರು ಗೇಜ್ ತರುವುದನ್ನು ಮರೆಯದಿರಲಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಮೀಟರಿನ ಅಂಕಿಗಳ ಪಟ್ಟಿ, ಗುಂಡಿಯ 9 ಫೋಟೋಗಳು, ಸಹಿ ಮಾಡದ ಚೀಟಿಯ ಪ್ರತಿ