ಒತ್ತಡ ನಿರ್ವಹಣೆಯ ಪಾಠ ಮೊದಲು ಮೇಲಧಿಕಾರಿಗಳಿಗೆ ಆಗಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ನೌಕರರಿಗಾಗಿ ‘ಒತ್ತಡ ನಿರ್ವಹಣೆ’ ಕಾರ್ಯಾಗಾರಗಳು ನಡೆಯುವುದೂ, ದೀಪ ಬೆಳಗಿದ ಚಿತ್ರದೊಡನೆ ಅವುಗಳ ಸುದ್ದಿ ಜಿಲ್ಲಾ ಪುಟಗಳಲ್ಲಿ ಬರುವುದೂ ಈಗ ಸಾಮಾನ್ಯವಾಗಿದೆ. ಕಚೇರಿಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಡತಗಳ ನಡುವೆ ಕಳೆದು ನಿವೃತ್ತನಾದ ನನಗೆ ಅಲ್ಲಿ ಹೇಳಿಕೊಡುವ ಪ್ರಾಣಾಯಾಮದ ಬಗ್ಗೆ ತಕರಾರಿಲ್ಲ, ನಾನೂ ಮಾಡುತ್ತೇನೆ. ಆದರೆ ಒತ್ತಡವೆಂಬುದು ನೌಕರನ ಮನೋದೌರ್ಬಲ್ಯ, ಅದನ್ನು ಅವನೇ ಸರಿಪಡಿಸಿಕೊಳ್ಳಬೇಕು ಎಂಬ ಧೋರಣೆಗೆ ಜೀವವಿಜ್ಞಾನದ ಬೆಂಬಲವಿಲ್ಲ ಎಂಬುದನ್ನು ಹೇಳಲೇಬೇಕಾಗಿದೆ.

ಅಪಾಯ ಎದುರಾದಾಗ ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನೂ, ಅದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನೂ ಎಚ್ಚರಿಸಿ, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಹಾವು ಕಂಡವನಿಗೆ ಇದು ಬೇಕೇಬೇಕು. ಹಾವು ಸರಿದುಹೋದ ಮೇಲೆ ದೇಹವೂ ತಣ್ಣಗಾಗುತ್ತದೆ. ಆದರೆ ‘ನಾಳೆ ಬೆಳಿಗ್ಗೆ ವಿಡಿಯೊ ಕಾನ್ಫರೆನ್ಸ್‌ಗೆ ಮಾಹಿತಿ ಸಿದ್ಧವಿರಲಿ’ ಎಂಬ ಸಂದೇಶ ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಗುಂಪಿಗೆ ಬಂದರೆ, ಮಧ್ಯರಾತ್ರಿಯ ಹೊತ್ತಿಗೆ ತೀರಾ ತಗ್ಗಬೇಕಾದ ಕಾರ್ಟಿಸಾಲ್ ತಗ್ಗುವುದು ಹೇಗೆ?

ಈ ಶಾಸ್ತ್ರಕ್ಕೆ ನಾಂದಿ ಹಾಡಿದ್ದೂ ಸಂಪಾದಕರಿಗೆ ಬರೆದ ಒಂದು ಪತ್ರವೇ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ‘ನೇಚರ್’ ವಿಜ್ಞಾನ ಪತ್ರಿಕೆಗೆ ಬರೆದ ಆ ಪುಟ್ಟ ಪತ್ರದಲ್ಲಿ, ಬಗೆಬಗೆಯ ಹಿಂಸೆಗೆ ಒಳಗಾದ ಇಲಿಗಳ ಅಡ್ರಿನಲ್ ಗ್ರಂಥಿಗಳು ಊದಿಕೊಂಡು ಜಠರದಲ್ಲಿ ಹುಣ್ಣಾದ ಸಂಗತಿಯಿತ್ತು. ಮುಂದೆ ಜೇ ವೈಸ್ ಎಂಬ ಅಮೆರಿಕದ ವಿಜ್ಞಾನಿ ಎರಡು ಇಲಿಗಳಿಗೆ ಒಂದೇ ಪ್ರಮಾಣದ ವಿದ್ಯುತ್ ಆಘಾತ ಕೊಟ್ಟು, ಒಂದಕ್ಕೆ ಮಾತ್ರ ಚಕ್ರ ತಿರುಗಿಸಿ ಆಘಾತವನ್ನು ನಿಲ್ಲಿಸುವ ಅವಕಾಶವಿತ್ತರು. ನೋವು ಸಮವಾಗಿದ್ದರೂ ಹುಣ್ಣು ಹೆಚ್ಚಾದದ್ದು ಏನೂ ಮಾಡಲಾಗದ ಇಲಿಗೆ.

ಇಲಿಯ ಮಾತು ಮನುಷ್ಯರಿಗೇಕೆ ಎನ್ನುವವರು ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ನೌಕರರ ಅಧ್ಯಯನವನ್ನು ನೋಡಬೇಕು. 1967ರಲ್ಲಿ ಆರಂಭವಾಗಿ ಸುಮಾರು 18,000 ಪುರುಷ ನೌಕರರನ್ನು ಒಳಗೊಂಡ ಆ ಅಧ್ಯಯನದಲ್ಲಿ, ಅತ್ಯಂತ ಕೆಳದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ಉನ್ನತ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಇತ್ತು; ಧೂಮಪಾನ, ರಕ್ತದೊತ್ತಡ, ಕೊಲೆಸ್ಟ್ರಾಲ್‌ಗಳನ್ನು ಲೆಕ್ಕಕ್ಕೆ ಹಿಡಿದರೂ ಅಂತರದ ಬಹುಪಾಲು ಹಾಗೆಯೇ ಉಳಿಯಿತು. ಇವರೆಲ್ಲರೂ ಭದ್ರ ನೌಕರಿಯವರು, ಯಾರೂ ಉಪವಾಸವಿದ್ದವರಲ್ಲ. 1985ರಲ್ಲಿ ಮೈಕೆಲ್ ಮಾರ್ಮಟ್ ನೇತೃತ್ವದಲ್ಲಿ 10,308 ಸ್ತ್ರೀಪುರುಷ ನೌಕರರ ಮೇಲೆ ಶುರುವಾದ ಎರಡನೆಯ ಅಧ್ಯಯನ, ಈ ಅಂತರಕ್ಕೆ ದೊಡ್ಡ ಕಾರಣ ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು ಎಂದು 1997ರಲ್ಲಿ ತೋರಿಸಿತು. ಸಾಹೇಬರಿಗೇ ಒತ್ತಡ ಹೆಚ್ಚು ಎಂಬ ನಮ್ಮ ಕಚೇರಿಗಳ ನಂಬಿಕೆಯನ್ನು ಇದು ಬುಡಮೇಲು ಮಾಡುತ್ತದೆ.

ನಾಲ್ಕು ದಿನ ರಜೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟಾಗ, ಮೆದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದ ನರಕೋಶಗಳ ಕವಲುಗಳು ಕುಗ್ಗಿ, ಭಯದ ನೆಲೆಯಾದ ಅಮಿಗ್ಡಲದ ಕವಲುಗಳು ಬೆಳೆದವು. 21 ದಿನ ವಿರಾಮ ಕೊಟ್ಟರೂ ಅಮಿಗ್ಡಲದ ಬೆಳವಣಿಗೆಯೂ ಆತಂಕವೂ ಇಳಿಯಲಿಲ್ಲ.

ಇದರ ಫಲ ಉಣ್ಣುವವರು ಸಾರ್ವಜನಿಕರು. ಒತ್ತಡ ಏರಿದಾಗ ಮಾತನ್ನೂ ಕೋಪವನ್ನೂ ತಡೆಹಿಡಿಯುವ, ಹಣೆಯ ಹಿಂದಿನ ಮೆದುಳಿನ ಭಾಗ ಮಂಕಾಗುತ್ತದೆ. ಆಗ ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಒಳಗೆ ಬೈಸಿಕೊಂಡು ಬಂದ ಗುಮಾಸ್ತ ಪಹಣಿ ಕೇಳಲು ಬಂದ ರೈತನ ಮೇಲೆ ರೇಗುತ್ತಾನೆ. ನಾನೂ ರೇಗಿದ್ದೇನೆ. ಅದು ಕ್ಷಮಾರ್ಹವೆಂದು ಹೇಳುತ್ತಿಲ್ಲ, ಅದರ ಮೂಲ ಕೌಂಟರಿನಲ್ಲಿಲ್ಲ ಎನ್ನುತ್ತಿದ್ದೇನೆ.

ಆದ್ದರಿಂದ, ಉದ್ಘಾಟನೆ ಮುಗಿಸಿ ಎದ್ದುಹೋಗುವ ಅಧಿಕಾರಿಗಳೇ ಕೊನೆಯವರೆಗೂ ಕುಳಿತು ಕಲಿಯುವಂತೆ ಈ ಕಾರ್ಯಾಗಾರಗಳನ್ನು ರೂಪಿಸಬೇಕು. ನೆರೆ, ಚುನಾವಣೆಗಳಂಥ ತುರ್ತು ಸಂದರ್ಭಗಳನ್ನು ಬಿಟ್ಟು ಕಚೇರಿ ವೇಳೆಯ ನಂತರ ವಾಟ್ಸಾಪ್ ಆದೇಶ ಬೇಡವೆಂದೂ, ಮಾಹಿತಿ ಕೇಳುವಾಗ ಕನಿಷ್ಠ ಒಂದು ಕೆಲಸದ ದಿನದ ಅವಧಿ ಇರಬೇಕೆಂದೂ, ಯಾವ ಕಡತ ಮೊದಲು ಎಂಬುದನ್ನು ಅದನ್ನು ನಿರ್ವಹಿಸುವ ನೌಕರನನ್ನು ಕೇಳಿ ನಿರ್ಧರಿಸಬೇಕೆಂದೂ ಸರ್ಕಾರ ಸುತ್ತೋಲೆ ಹೊರಡಿಸಲಿ.

ಇಂತಿ,
ನಿವೃತ್ತ ಪ್ರಥಮ ದರ್ಜೆ ಸಹಾಯಕ, ತುಮಕೂರು